ಜ್ವರದ ಪಾಠಾಂತರಗಳು

ನಮ್ಮ ಊರಿನಲ್ಲಿ ಆ ಮಾತನ್ನು ಮೊದಲು ಆಡಿದವನು ದೋಣಿ ನಡೆಸುವ ಹೊನ್ನೂರಪ್ಪ. ಜ್ವರ ಬಂದ ಎರಡನೆಯ ದಿನ ಮಧ್ಯಾಹ್ನ ಜಗುಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದವನು ಕಣ್ಣು ಬಿಡದೆಯೇ, ಬೀದಿಗೆಲ್ಲ ಕೇಳುವಂತೆ, ಒಂದೇ ಉಸಿರಿನಲ್ಲಿ ಒಂದು ವಾಕ್ಯ ಹೇಳಿ ಸುಮ್ಮನಾದನಂತೆ. ನಾಡಿನ ಉಳಿದ ಆರು ಊರುಗಳಲ್ಲಿ ಜ್ವರ ಆಗಲೇ ಓಡಾಡುತ್ತಿತ್ತು. ಅದು ಹಿಡಿದವರೆಲ್ಲ ಎರಡನೆಯ ದಿನ ಒಂದು ಸಲ ಮಾತ್ರ ಅದೇ ಮಾತನ್ನು ಆಡುತ್ತಾರೆ ಎಂಬುದು ನಮಗೂ ಗೊತ್ತಿತ್ತು. "ಹೊಳೆ ದಾಟಿ ಬಂದವಳು ಕೆಂಪು ಮಣೆಯ ಮೇಲೆ ಹಾಲು ಇಟ್ಟಳು, ಬೆಕ್ಕು ನೋಡಲಿಲ್ಲ." ಇಷ್ಟೇ. ಇದನ್ನು ಹೇಳಿದ ಮೇಲೆ ಕೆಲವರ ಜ್ವರ ಇಳಿಯುತ್ತಿತ್ತು, ಕೆಲವರದು ಏರುತ್ತಿತ್ತು. ಒಂದೇ ವಾರದಲ್ಲಿ ನಮ್ಮವರು ಇದಕ್ಕೆ ಹೊಂದಿಕೊಂಡುಬಿಟ್ಟರು. ಬೀದಿಯಲ್ಲಿ ಎದುರಾದವರು ಊಟ ಆಯ್ತಾ ಎಂದು ಕೇಳುವ ಬದಲು, "ನಿಮ್ಮನೇಲಿ ಮಾತು ಆಯ್ತಾ?" ಎಂದು ಕೇಳತೊಡಗಿದರು. ಮಾತು ಕಿವಿಗೆ ಬಿದ್ದರೂ ಜ್ವರ ಬರುತ್ತದೆಂದು ಯಾರೋ ಹೇಳಿದ್ದರಿಂದ, ರೋಗಿ ತುಟಿ ಅಲುಗಿಸಿದ ಕೂಡಲೇ ಮನೆಯವರು ತಟ್ಟೆ ಬಡಿಯುತ್ತಿದ್ದರು, ಇಲ್ಲವೇ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದರು.

ನಾನು ಊರಿನ ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕರಡು ತಿದ್ದುವವಳು. ಹೊನ್ನೂರಪ್ಪನ ಮಾತು ಆದ ಐದನೆಯ ದಿನ ಪುರಸಭೆಯಿಂದ ಒಂದು ಪ್ರಕಟಣೆ ಅಚ್ಚಿಗೆ ಬಂತು. ಜ್ವರವು ದೋಣಿಯವರ ಕೇರಿಯಿಂದ ಊರಿಗೆ ಹರಡಿದೆ, ಆದ್ದರಿಂದ ಆ ಕೇರಿಯವರು ಹೊರಗೆ ಬರತಕ್ಕದ್ದಲ್ಲ, ದೋಣಿಗಳನ್ನು ದಡಕ್ಕೆ ಎಳೆದು ಕಟ್ಟತಕ್ಕದ್ದು ಎಂದು ಅದರಲ್ಲಿತ್ತು. ನಾನು ಅದರಲ್ಲಿ ಎರಡು ಕಾಗುಣಿತದ ತಪ್ಪು ತಿದ್ದಿ, ಒಂದು ಅಲ್ಪವಿರಾಮ ಹಾಕಿ ಕಳಿಸಿದೆ. ಅದೇ ಸಂಜೆ ಕೇರಿಯ ಬಾಯಿಗೆ ಬಿದಿರಿನ ಬೇಲಿ ಕಟ್ಟಿದರು. ಅದರಾಚೆ ಅರವತ್ತು ಮನೆಗಳಿದ್ದವು.

ಹನ್ನೆರಡು ದಿನ ಕಳೆದ ಮೇಲೆ ನನ್ನ ತಂಗಿ ಪದ್ಮಿನಿಗೆ ಜ್ವರ ಬಂತು. ಮನೆಯಲ್ಲಿ ಇರುವವರು ನಾವಿಬ್ಬರೇ. ಚಿಕ್ಕಂದಿನಲ್ಲೇ ಕಾಲು ಸೊರಗಿದ ಅವಳು ಮನೆಯ ಹೊಸಿಲು ದಾಟುವುದು ವರ್ಷಕ್ಕೆ ಒಂದೋ ಎರಡೋ ಸಲ. ಹೊಲಿಗೆ ಯಂತ್ರದ ಮುಂದೆ ಕುಳಿತು ಕೈಯಿಂದಲೇ ಚಕ್ರ ತಿರುಗಿಸಿ, ಅರ್ಧ ಊರಿನ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಾಳೆ. ಎರಡನೆಯ ದಿನ ನಾನು ತಟ್ಟೆ ಬಡಿಯಲಿಲ್ಲ. ಅವಳ ಹಣೆಯ ಮೇಲೆ ಒದ್ದೆ ಬಟ್ಟೆ ಹಿಡಿದು ಕುಳಿತಿದ್ದೆ. ಬೆಳಗಿನ ಹಾಲಿನವನು ಬಂದು ಹೋದ ಸ್ವಲ್ಪ ಹೊತ್ತಿಗೆ ಅವಳು ಹೇಳಿದಳು: "ಹೊಳೆ ದಾಟಿ ಬಂದವಳು ಕೆಂಪು ಮನೆಯ ಮೇಲೆ ಹಾಲು ಇಟ್ಟಳು, ಬೆಕ್ಕು ನೋಡಲಿಲ್ಲ."

ತಂಗಿ ಸಾಯುತ್ತಾಳೋ ಬದುಕುತ್ತಾಳೋ ಎಂಬ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಮೊದಲು ಹೊಳೆದದ್ದು ಹೇಳಿಕೊಳ್ಳಲು ನಾಚಿಕೆಯಾಗುವ ವಿಷಯ. ಅಲ್ಲಿ ಮಣೆ ಎಂದಿರಬೇಕು, ಮನೆ ಎಂದಿದ್ದಾಳೆ. ಕರಡಿನ ಅಂಚಿನಲ್ಲಿ ಗುರುತು ಹಾಕುವ ಹಾಗೆ ನನ್ನ ಬೆರಳು ತಾನಾಗಿ ಗೋಡೆಯ ಮೇಲೆ ಆಡಿತು. ಮಣೆಗೂ ಮನೆಗೂ ವ್ಯತ್ಯಾಸ ಮಾಡದವಳಲ್ಲ ಪದ್ಮಿನಿ. ನಾನು ತಪ್ಪಿ ನುಡಿದರೆ ನನ್ನನ್ನೇ ತಿದ್ದುವವಳು.

ಅವಳ ಜ್ವರ ನಾಲ್ಕನೆಯ ದಿನ ಇಳಿಯಿತು. ಪಕ್ಕದ ಮನೆಯ ಕಾಶೀಬಾಯಿ ಮೇಡಂ ಅಷ್ಟರಲ್ಲಿ ಮಲಗಿದ್ದರು. ನಮ್ಮ ಬೀದಿಯ ಎಷ್ಟೋ ಮಕ್ಕಳಿಗೆ ಅಕ್ಷರ ಕಲಿಸಿದವರು, ಎಪ್ಪತ್ತು ದಾಟಿತ್ತು. ಅವರೂ "ಮನೆಯ ಮೇಲೆ" ಎಂದೇ ಹೇಳಿದರು. ನಾನು ಕಿಟಕಿಯಿಂದ ಕೇಳಿಸಿಕೊಂಡೆ. ಮರುದಿನ ಅವರು ತೀರಿಕೊಂಡರು.

ಆ ವಾರವೇ ನಾನು ಆಸ್ಪತ್ರೆಗೆ ಹೋದೆ. ಡಾಕ್ಟರ್ ಮೆಹರುನ್ನೀಸಾ ಮೆಟ್ಟಿಲ ಮೇಲೆ ಕುಳಿತು ಆರಿದ ಚಹಾ ಕುಡಿಯುತ್ತಿದ್ದರು. ಮೂವತ್ತೈದರ ಹೆಣ್ಣುಮಗಳು, ಮೂರು ವಾರದಲ್ಲಿ ಐವತ್ತರವರಂತೆ ಕಾಣುತ್ತಿದ್ದರು.

"ಡಾಕ್ಟ್ರೇ, ನಿಮ್ಮ ರೋಗಿಗಳು ಆಡೋ ಮಾತನ್ನ ಯಾರಾದ್ರೂ ಬರೆದಿಟ್ಟಿದ್ದಾರಾ?" ಎಂದೆ.

"ಬರೆಯೋದೇನಿದೆ? ಎಲ್ಲರೂ ಹೇಳೋದು ಒಂದೇ ಅಲ್ವಾ?"

"ಒಂದೇ ಅಲ್ಲ."

ಅವರು ಲೋಟ ಕೆಳಗಿಟ್ಟರು. ನಾನು ನನಗೆ ಗೊತ್ತಿದ್ದ ರೀತಿಯಲ್ಲಿ ಹೇಳಿದೆ. ಹಳೆಯ ಪುಸ್ತಕವನ್ನು ಒಬ್ಬ ನೋಡಿ ಬರೆಯುವಾಗ ಒಂದು ಅಕ್ಷರ ತಪ್ಪುತ್ತಾನೆ. ಅವನ ಪ್ರತಿ ನೋಡಿ ಬರೆದವರೆಲ್ಲ ಆ ತಪ್ಪನ್ನೂ ಬರೆದುಕೊಳ್ಳುತ್ತಾರೆ. ಅವರಲ್ಲೊಬ್ಬ ಇನ್ನೊಂದು ತಪ್ಪು ಸೇರಿಸುತ್ತಾನೆ. ಮುಂದೆ ನೂರು ಪ್ರತಿ ಸಿಕ್ಕಾಗ, ಯಾವ ತಪ್ಪು ಯಾವ ಪ್ರತಿಗಳಲ್ಲಿದೆ ಎಂದು ನೋಡಿದರೆ, ಯಾವುದು ಯಾವುದನ್ನು ನೋಡಿ ಬರೆದದ್ದು ಎಂದು ಹೇಳಬಹುದು. ಸರಿಯಾದ ಅಕ್ಷರ ಏನನ್ನೂ ಹೇಳುವುದಿಲ್ಲ, ತಪ್ಪಾದದ್ದು ಎಲ್ಲವನ್ನೂ ಹೇಳುತ್ತದೆ.

ಮೆಹರುನ್ನೀಸಾ, "ಅಂದ್ರೆ ಯಾರಿಂದ ಯಾರಿಗೆ ಬಂತು ಅಂತ ರೋಗಿಗಳೇ ಹೇಳ್ತಿದ್ದಾರೆ, ನಾವು ತಟ್ಟೆ ಬಡೀತಿದ್ದೀವಿ," ಎಂದರು. ಎದ್ದು ಒಳಗೆ ಹೋಗಿ ನನಗೊಂದು ಕುರ್ಚಿ ಹಾಕಿಸಿದರು.

ಮುದ್ರಣಾಲಯದಲ್ಲಿ ಕೆಲಸ ನಿಂತಿತ್ತು. ನಾನು ಹಗಲೆಲ್ಲ ವಾರ್ಡಿನಲ್ಲಿ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಕುಳಿತೆ. ಕತ್ತರಿಸಿ ಉಳಿದ ಕಾಗದದ ಚೀಟಿಗಳ ಮೇಲೆ, ಒಬ್ಬರಿಗೆ ಒಂದರಂತೆ, ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದೆ. ತಿದ್ದದೆ ಬರೆಯುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಕೈ ತಾನೇ ಸರಿಪಡಿಸಲು ಹೋಗುತ್ತಿತ್ತು. ಮನೆಯಲ್ಲೇ ವಾಸಿಯಾದವರ ಹತ್ತಿರ ಡಾಕ್ಟರ ದಾದಿಯರು ಹೋಗಿ ಕೇಳಿ ಬಂದರು. ಬಹಳ ಜನಕ್ಕೆ ನೆನಪಿರಲಿಲ್ಲ, ಆದರೆ ಎಲ್ಲಾ ಮನೆಯಲ್ಲೂ ಕಿವಿ ಮುಚ್ಚಿಕೊಳ್ಳದ ಒಬ್ಬರಾದರೂ ಇದ್ದರು. ಹೆಚ್ಚಾಗಿ ಅದು ತಾಯಿ.

ಹೊನ್ನೂರಪ್ಪನ ಮಾತು ಬೇಕಾಗಿತ್ತು. ನಾನೇ ಬೇಲಿಯ ಹತ್ತಿರ ಹೋದೆ. ಅವನ ಹೆಂಡತಿ ತಿಪ್ಪಕ್ಕ ಬಿದಿರಿನ ಸಂದಿಯಿಂದ ನನ್ನನ್ನು ನೋಡಿದಳು.

"ನಿನ್ನ ಗಂಡ ಆವತ್ತು ಹೇಳಿದ್ದು ನಿನಗೆ ನೆನಪಿದೆಯಾ, ತಿಪ್ಪಕ್ಕ? ಒಂದೊಂದು ಅಕ್ಷರಾನೂ?"

"ನೆನಪಿಲ್ದೆ ಏನ್ ತಾಯಿ. ಹೊರೆ ದಾಟಿ ಬಂದವಳು ಅಂದ. ಹೊಳೆ ಅನ್ನಲಿಲ್ಲ, ಹೊರೆ ಅಂದ. ಹುಟ್ಟಿದಾಗಿಂದ ಹೊಳೆ ಮ್ಯಾಲೇ ಬದುಕಿದ ಮನುಷ್ಯ, ಹೊಳೆ ಅನ್ನಾಕೂ ಬರದಂಗಾಯ್ತಲ್ಲಾ ಅಂತ ನಾನು ಕುಂತು ಅತ್ತೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮ ಕೇರೀಲಿ ಆಮ್ಯಾಕೆ ಮಲಗಿದವ್ರೆಲ್ಲಾ ಹಂಗೇ ಅಂದ್ರು. ಯಾಕೆ ಕೇಳ್ತಿದೀರಿ? ಇದಕ್ಕೂ ಏನಾರ ಬರೆದು ಅಂಟಿಸ್ತೀರಾ?"

ಚೀಟಿ ಬರೆದುಕೊಂಡು ಬಂದೆ.

ಹತ್ತು ದಿನಕ್ಕೆ ಇನ್ನೂರ ಹದಿನಾಲ್ಕು ಚೀಟಿಗಳಾದವು. ಒಂದು ಭಾನುವಾರ ಬೆಳಿಗ್ಗೆ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವ ಕೋಣೆಯ ನೆಲ ಗುಡಿಸಿ, ನಾನೂ ಮೆಹರುನ್ನೀಸಾ ಅವುಗಳನ್ನು ಹರಡಿದೆವು. "ಹೊರೆ" ಎಂದದ್ದು ಹದಿನೇಳು. ಹದಿನೇಳೂ ದೋಣಿಯವರ ಕೇರಿಯವು. ಕೇರಿಯ ಹೊರಗೆ ಹೊರೆ ಎಂದವರು ಒಬ್ಬರೂ ಇರಲಿಲ್ಲ.

"ಕೇರಿಯಿಂದ ಹೊರಗೆ ಬಂದ ಮೇಲೆ ಹೊರೆ ಮತ್ತೆ ಹೊಳೆ ಆಗಿರಬಹುದಲ್ಲ?" ಎಂದು ಮೆಹರುನ್ನೀಸಾ ಕೇಳಿದರು. ಅವರು ಕೇಳಬೇಕಾದ್ದೇ.

"ಒಬ್ಬರ ಬಾಯಲ್ಲಿ ಆಕಸ್ಮಿಕವಾಗಿ ಸರಿಹೋಗಬಹುದು. ಕೇರಿಯಿಂದ ಹೊರಗೆ ಬಂದ ಪ್ರತಿ ಸಲವೂ ಸರಿಹೋಗಲ್ಲ. ನೂರ ತೊಂಬತ್ತೇಳರಲ್ಲಿ ಒಂದಾದರೂ ಹೊರೆ ಉಳೀಬೇಕಿತ್ತು."

ಹೊನ್ನೂರಪ್ಪನ ಜ್ವರ ಅವನ ಕೇರಿಗೆ ಬಂದು ಅಲ್ಲೇ ಮುಗಿದಿತ್ತು. ಊರಿನ ಜ್ವರ ಬೇರೆ ದಾರಿಯಲ್ಲಿ ಬಂದಿತ್ತು. ಉಳಿದವುಗಳಲ್ಲಿ ನೂರ ಐವತ್ತೊಂಬತ್ತು ಚೀಟಿಗಳಲ್ಲಿ "ಕೆಂಪು" ಹೋಗಿ "ಕಂಪು" ಆಗಿತ್ತು. ಅದರಲ್ಲಿ ಮೊದಲಿನ ಒಂಬತ್ತು ಮಂದಿಯೂ ಪುರಸಭೆಯ ಅಧ್ಯಕ್ಷ ಗುರುಮೂರ್ತಪ್ಪನವರ ಮಗನ ಮದುವೆಗೆಂದು ಬೆಟ್ಟದ ಮೇಲಿನ ಊರಿಗೆ ಬಸ್ಸಿನಲ್ಲಿ ಹೋಗಿ ಬಂದವರು. ಆ ಊರಿನ ಆಸ್ಪತ್ರೆಗೆ ಫೋನು ಮಾಡಿದಾಗ, ಅಲ್ಲಿನವರು ತಮ್ಮ ರೋಗಿಗಳ ಹತ್ತಿರ ನಿಂತು ಕೇಳಿ, "ಹೌದು, ಕಂಪು ಅಂತಲೇ ಅಂತಾರೆ" ಎಂದರು. ಈ ಕಂಪಿನವರಲ್ಲೇ ನಲವತ್ತಾರು ಮಂದಿ "ಹಾಲು" ಬಿಟ್ಟು "ಹಾಡು" ಎಂದಿದ್ದರು. ಆ ನಲವತ್ತಾರರ ವಿಳಾಸ ನೋಡಿದರೆ ಒಂದಕ್ಕೊಂದು ಸಂಬಂಧ ಕಾಣಲಿಲ್ಲ. ಕೊನೆಗೆ ಒಬ್ಬ ದಾದಿಗೆ ಹೊಳೆಯಿತು, ಎಲ್ಲರೂ ಬಾವಿಕಟ್ಟೆಯ ಹಿಟ್ಟಿನ ಗಿರಣಿಗೆ ಹೋಗುವವರು. ಗಿರಣಿಯಲ್ಲಿ ಹಿಟ್ಟು ಹಾರದಂತೆ ಕಿಟಕಿ ಮುಚ್ಚಿ, ಡಬ್ಬಿ ಇಟ್ಟುಕೊಂಡು ಸಾಲಾಗಿ ಕೂರುತ್ತಾರೆ. ಅಂದೇ ಗಿರಣಿಯವನಿಗೆ ಹೇಳಿ ಎಲ್ಲರನ್ನೂ ಹೊರಗೆ ಮರದಡಿ ಕೂರಿಸಿದರು. ಆಮೇಲಿನ ಎರಡು ವಾರದಲ್ಲಿ ಹಾಡು ಎಂದವರು ಮೂರೇ ಜನ, ಆಮೇಲೆ ಯಾರೂ ಇಲ್ಲ. ರೋಗದ ಒಂದು ಕೊಂಬೆ ನಮ್ಮ ಕಣ್ಣೆದುರಿಗೇ ಒಣಗಿತು. ಮೆಹರುನ್ನೀಸಾ ಮೊದಲ ಸಲ ನಕ್ಕದ್ದು ಆಗ.

ಆದರೆ ಆ ಭಾನುವಾರ ಇನ್ನೂ ಮೂವತ್ತೆಂಟು ಚೀಟಿ ಉಳಿದಿದ್ದವು. "ಮನೆಯ ಮೇಲೆ." ಎಲ್ಲಕ್ಕಿಂತ ಹಿಂದಿನ ತಾರೀಖಿನದು ಪದ್ಮಿನಿಯದು. ಉಳಿದವರಲ್ಲಿ ಹೆಚ್ಚಿನವರು ಅವಳ ಹತ್ತಿರ ರವಿಕೆಗೆ ಅಳತೆ ಕೊಟ್ಟವರು, ಅವರ ಮನೆಯವರು.

"ಪದ್ಮಿನಿ ಎಲ್ಲೂ ಹೋಗಲ್ಲ ಅಂತೀರಿ," ಎಂದರು ಮೆಹರುನ್ನೀಸಾ. "ಮತ್ತೆ ಅವಳಿಗೆ ಯಾರು ತಂದರು?"

ನನಗೆ ಆ ಕ್ಷಣದಲ್ಲಿ ಗೊತ್ತಾಯಿತು. ಪದ್ಮಿನಿಗೆ ಜ್ವರ ಬರುವುದಕ್ಕೆ ಒಂದು ವಾರ ಮೊದಲು ನಾನು ಹೊಸ ಅಚ್ಚುಮೊಳೆ ತರಲು ಕೋಟೆಯ ಊರಿಗೆ ಹೋಗಿದ್ದೆ. ಅಲ್ಲಿ ಛತ್ರದ ಕೋಣೆಯಲ್ಲಿ ಎರಡು ದಿನ ಮೈ ಬೆಚ್ಚಗಾಗಿ ಮಲಗಿದ್ದೆ. ನೆಗಡಿ ಎಂದುಕೊಂಡು ಶುಂಠಿ ಕಷಾಯ ಕುಡಿದು ಬಸ್ಸು ಹತ್ತಿದ್ದೆ. ಕೋಣೆಯಲ್ಲಿ ಒಬ್ಬಳೇ ಇದ್ದೆ. ನಾನೇನಾದರೂ ಮಾತನಾಡಿದ್ದರೆ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಮೆಹರುನ್ನೀಸಾ ಕೋಟೆಯ ಊರಿಗೆ ಫೋನು ಮಾಡಿದರು. ಮಾತಾಡುತ್ತಲೇ ನನ್ನ ಕಡೆ ನೋಡಿ, ಬಳಿಕ ನೋಟ ತಪ್ಪಿಸಿದರು. ಅಲ್ಲಿನ ಇಪ್ಪತ್ತೆರಡು ರೋಗಿಗಳಲ್ಲಿ ಇಪ್ಪತ್ತೆರಡೂ ಜನ "ಮನೆಯ" ಎಂದಿದ್ದರು.

"ಇದನ್ನ ಪುರಸಭೆ ಕರೆದಿರೋ ಸಭೇಲಿ ಹೇಳಬೇಕಂತ ಇಲ್ಲ," ಎಂದರು ಫೋನು ಇಟ್ಟ ಮೇಲೆ. "ಕೇರಿಯ ಬೇಲಿ ತೆಗೆಸೋಕೆ ಹೊರೆ, ಕಂಪು ಎರಡೇ ಸಾಕು."

ಸಾಕಾಗುತ್ತಿತ್ತು. ಆದರೆ ಮಧ್ಯಾಹ್ನ ಮನೆಗೆ ಹೋದಾಗ ಪದ್ಮಿನಿ ನನ್ನ ಮುಖ ನೋಡಿಯೇ ಏನೋ ಆಗಿದೆ ಎಂದು ತಿಳಿದುಕೊಂಡಳು. ಹೇಳಿದೆ. ಅವಳು ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಅದನ್ನು ನಿಲ್ಲಿಸಿದಳು. "ನೀನು ತಂದೆ, ನಾನು ಹಂಚಿದೆ," ಎಂದಳು. "ಇಬ್ಬರೂ ಬೇಕು ಅಂತ ಮಾಡಲಿಲ್ಲ. ಹೊನ್ನೂರಪ್ಪ ಬೇಕು ಅಂತ ಮಾಡಿದ್ನಾ?" ಹೊಲಿಗೆಯ ದಾರ ಕತ್ತರಿಸಿ, "ಮೊದಲು ಪಕ್ಕದ ಮನೆಗೆ ಹೋಗಿ ಬಾ ಅಕ್ಕ. ಮೇಡಂ ಮಗಳಿಗೆ ಸಭೇಲಿ ಗೊತ್ತಾಗೋದು ಬೇಡ," ಎಂದಳು.

ಕಾಶೀಬಾಯಿಯವರ ಮಗಳು ಇಂದುಮತಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು. ತಾಯಿಯ ಸೀರೆಗಳನ್ನು ಮಡಚಿ ಪೆಟ್ಟಿಗೆಗೆ ಹಾಕುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಚೀಟಿ ತೋರಿಸಿದೆ. ಅವಳು ಅದನ್ನು ಓದಿದಳು, ಮತ್ತೆ ಓದಿದಳು.

"ಇದು ಅಮ್ಮ ಹೇಳಿದ್ದಾ? ನಾನು ಹಿತ್ತಲಿಗೆ ಓಡಿ ಹೋಗಿದ್ದೆ. ಕಿವಿ ಮುಚ್ಚಿಕೊಂಡಿದ್ದೆ."

"ಹೌದು ಇಂದು. ನಾನು ಕಿಟಕಿಯಿಂದ ಕೇಳಿದೆ."

ಅವಳು ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. "ನಿಮ್ಮ ಮೇಲೆ ನಂಗೆ ಸಿಟ್ಟು ಬರುತ್ತೆ ಅಕ್ಕಾ," ಎಂದಳು ಮೆಲ್ಲಗೆ. "ಇವತ್ತಲ್ಲ ಅಂದ್ರೆ ನಾಳೆ ಬರುತ್ತೆ. ಬಂದಾಗ ಬರಲಿ. ಈ ಚೀಟಿ ನಂಗೆ ಬೇಕು."

"ಸಭೆಗೆ ಬೇಕಲ್ಲ, ಇಂದು."

"ಹಾಗಿದ್ರೆ ಸಭೆಗೆ ನಾನೇ ತರ್ತೀನಿ."

ಸಭೆ ಪುರಸಭೆಯ ಅಂಗಳದಲ್ಲಿ, ದೂರ ದೂರ ಹಾಕಿದ ಬೆಂಚುಗಳ ಮೇಲೆ ಸೇರಿತು. ಗುರುಮೂರ್ತಪ್ಪನವರು ಕೆಟ್ಟ ಮನುಷ್ಯರಲ್ಲ. ಹೆದರಿದ್ದರು, ಹೆದರಿದವರು ಕೈಗೆ ಸಿಕ್ಕ ಬಾಗಿಲು ಮುಚ್ಚುತ್ತಾರೆ. ಮೆಹರುನ್ನೀಸಾ ಹೊರೆಯ ವಿಷಯ ಹೇಳಿದರು. ಅಂಗಳದಲ್ಲಿ ಗುಸುಗುಸು ಎದ್ದಿತು. ಯಾರೋ ಹಿಂದಿನಿಂದ, "ಹಂಗಾದ್ರೆ ಊರಿಗೆ ತಂದೋರು ಯಾರು, ಹೆಸರು ಹೇಳ್ರಿ!" ಎಂದು ಕೂಗಿದರು. ನೂರು ಕಣ್ಣುಗಳು ಒಟ್ಟಿಗೇ ಇನ್ನೊಬ್ಬ ಹೊನ್ನೂರಪ್ಪನನ್ನು ಹುಡುಕತೊಡಗಿದ್ದು ನನಗೆ ಕಂಡಿತು. ಬಸ್ಸಿನಲ್ಲಿ ಹೋದ ಒಂಬತ್ತು ಜನ ಅಲ್ಲೇ ಇದ್ದರು. ಒಬ್ಬ ಹೆಂಗಸು ಆಗಲೇ ತಲೆ ತಗ್ಗಿಸಿದ್ದಳು.

ನಾನು ಎದ್ದೆ. "ಮೂರು ದಾರೀಲಿ ಬಂತು. ಅದರಲ್ಲಿ ಒಂದು ನಾನು ತಂದದ್ದು. ನನ್ನಿಂದ ಮೂವತ್ತೆಂಟು ಜನ ಮಲಗಿದರು. ಒಬ್ಬರು ಏಳಲಿಲ್ಲ. ಅವರ ಮಗಳು ಇಲ್ಲೇ ಇದ್ದಾಳೆ. ಆ ಪ್ರಕಟಣೆ ತಿದ್ದಿ ಅಚ್ಚಿಗೆ ಕೊಟ್ಟವಳೂ ನಾನೇ. ಬೇಲಿ ಕಟ್ಟೋದಾದ್ರೆ ಮೊದಲು ನಮ್ಮ ಮನೆಗೆ ಕಟ್ಟಿ," ಎಂದೆ.

ಇಂದುಮತಿ ಎದ್ದು ಮುಂದೆ ಬಂದು ಚೀಟಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ನನ್ನ ಬೆಂಚಿನ ಮೇಲೆಯೇ ಬಂದು ಕುಳಿತಳು.

ಗುರುಮೂರ್ತಪ್ಪನವರು ಆ ಚೀಟಿಯನ್ನು ಎತ್ತಿಕೊಂಡು ಓದಿದರು. ಕನ್ನಡಕ ತೆಗೆದು, "ಮದುವೆಗೆ ಬಸ್ಸು ಮಾಡಿದ್ದು ನಾನು," ಎಂದರು. "ಬರಲ್ಲ ಅಂದೋರನ್ನೂ ಬಲವಂತ ಮಾಡಿ ಹತ್ತಿಸಿದ್ದು ನಾನು." ಆಮೇಲೆ ಯಾರೂ ಹೆಸರು ಕೇಳಲಿಲ್ಲ. ಸೂರ್ಯ ಮುಳುಗುವ ಮೊದಲೇ ಅವರೇ ಹೋಗಿ ಬೇಲಿಯ ಕಟ್ಟು ಬಿಚ್ಚಿದರು. ಮಚ್ಚು ತರುವುದನ್ನು ಮರೆತು ಹೋಗಿದ್ದರಂತೆ, ಒಳಗಿನಿಂದ ತಿಪ್ಪಕ್ಕ ತನ್ನದನ್ನು ಚಾಚಿದಳಂತೆ.

ಬೇಲಿ ಬಿಚ್ಚಿದ್ದು ನ್ಯಾಯಕ್ಕೆ ಮಾತ್ರವಲ್ಲ, ಊರಿನ ಉಸಿರಿಗೂ ಆಯಿತು. ಕಂಪಿನ ಜ್ವರ ಏರಿದವರಿಗೆ ಆಮ್ಲಜನಕ ಬೇಕಾಗಿತ್ತು, ಸಿಲಿಂಡರುಗಳಿದ್ದದ್ದು ಹೊಳೆಯಾಚೆಯ ಬಂದರಿನ ಊರಿನಲ್ಲಿ. ರಸ್ತೆಯಲ್ಲಿ ಸುತ್ತಿ ಬಂದರೆ ಒಂದು ಹಗಲು, ದೋಣಿಯಲ್ಲಿ ಮುಕ್ಕಾಲು ಗಂಟೆ. ದಡಕ್ಕೆ ಕಟ್ಟಿದ ಹದಿಮೂರು ದೋಣಿಗಳೂ ನೀರಿಗಿಳಿದವು. ಆ ತಿಂಗಳು ಆಸ್ಪತ್ರೆಯಲ್ಲಿ ಸತ್ತವರು ಇಬ್ಬರು. ಹಿಂದಿನ ತಿಂಗಳು ಹತ್ತೊಂಬತ್ತು.

ಏಳು ಊರುಗಳೂ ಚೀಟಿ ಬರೆಯತೊಡಗಿದವು. ಪ್ರತಿ ಶುಕ್ರವಾರ ಎಲ್ಲವೂ ನಮ್ಮ ಮುದ್ರಣಾಲಯದ ನೆಲದ ಮೇಲೆ ಸೇರುತ್ತಿದ್ದವು, ಇಂದುಮತಿ ಅಂಚೆಯಿಂದ ಬಂದವನ್ನು ತಾನೇ ತಂದು ಸುರಿಯುತ್ತಿದ್ದಳು. ಕೆಲವು ದಿನ ನನ್ನೊಡನೆ ಮಾತಾಡುತ್ತಿದ್ದಳು, ಕೆಲವು ದಿನ ಇಲ್ಲ. ಎಲ್ಲಿ ಹೊಸ ತಪ್ಪು ಹುಟ್ಟಿತು, ಯಾವುದು ಯಾವ ರಸ್ತೆಯಲ್ಲಿ ನಡೆಯಿತು, ಯಾವುದು ನಿಂತಿತು ಎಂದು ನಾಡಿನ ನಕ್ಷೆಯ ಮೇಲೆ ದಾರ ಎಳೆದ ಹಾಗೆ ಕಾಣುತ್ತಿತ್ತು. ಬಂದರಿನ ಊರಿನ ಚೀಟಿಗಳು ಮಾತ್ರ ಗೊಂದಲವಾಗಿದ್ದವು. ಅಲ್ಲಿನ ವೈದ್ಯರು ನನ್ನನ್ನು ಬರಹೇಳಿದರು.

ಹೊನ್ನೂರಪ್ಪನ ದೋಣಿಯಲ್ಲೇ ಹೋದೆ. ಅವನು ಇನ್ನೂ ಸೊರಗಿದ್ದ.

"ನಿಮ್ಗೆ ಓದಕ್ ಬರ್ತಿದ್ರೂ ಆ ಬೇಲಿ ಕಟ್ಟೋ ಕಾಗದ ಹಂಗೇ ಬಿಟ್ಬಿಟ್ರಿ," ಎಂದ ಅರ್ಧ ದಾರಿಯಲ್ಲಿ. "ನಂಗೆ ಓದಕ್ ಬರಾಕಿಲ್ಲ. ಆದ್ರೂ ಅದು ಸುಳ್ಳು ಅಂತ ನಂಗೊತ್ತಿತ್ತು."

"ತಪ್ಪಾಯ್ತು ಹೊನ್ನೂರಪ್ಪ."

ಅವನು ಹುಟ್ಟು ಹಾಕುತ್ತಲೇ ಇದ್ದ. "ಇನ್ನೊಸಿ ಈ ಕಡೀಕೆ ಸರಿದು ಕುಂತ್ಕಳಿ. ಸುಳಿ ಐತೆ ಅಲ್ಲಿ," ಎಂದ. ನಾನು ಸರಿದು ಕುಳಿತೆ.

ಬಂದರಿನ ಆಸ್ಪತ್ರೆಯಲ್ಲಿ ಕೇಳಿ ಬರೆಯಲು ನಾಲ್ಕು ಜನರನ್ನು ಆರಿಸಿಟ್ಟಿದ್ದರು. ಇಬ್ಬರು ಶಾಲೆಯ ಮೇಷ್ಟ್ರು, ಒಬ್ಬ ಔಷಧಿ ಅಂಗಡಿಯವನು, ಮತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವ ಫಿಲೋಮಿನಾ ಎಂಬ ಹೆಂಗಸು. ನಾನು ಬೆಳಿಗ್ಗೆಯೆಲ್ಲ ಅವರಿಗೆ ಒಂದೇ ಪಾಠ ಹೇಳಿದೆ: ತಿದ್ದಬೇಡಿ, ನಿಮಗೆ ಗೊತ್ತಿರುವುದನ್ನು ಬರೆಯಬೇಡಿ, ಕೇಳಿದ್ದನ್ನು ಬರೆಯಿರಿ. ಹನ್ನೊಂದು ಗಂಟೆಯ ಹೊತ್ತಿಗೆ ಮೂಲೆಯ ಹಾಸಿಗೆಯ ಮೀನುಗಾರ ಮುದುಕನ ತುಟಿ ಅಲುಗಿತು. ಐವರೂ ಸುತ್ತ ನಿಂತೆವು. ಅವನು ಹೇಳಿದ. ನಾವು ಬರೆದೆವು.

ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮೂವರದೂ ನನ್ನದೂ ಒಂದೇ ಇತ್ತು. ಫಿಲೋಮಿನಾಳದು ಬೇರೆ. ನಾವೆಲ್ಲ ಹಾಲು ಇಟ್ಟಳು ಎಂದು ಬರೆದಿದ್ದೆವು. ಅವಳು ಬರೆದದ್ದು, ಹಾಲು ಇಟ್ಟಾಳು.

"ಇಟ್ಟಳು ಅಲ್ವೇನಮ್ಮ?" ಎಂದರು ಹಿರಿಯ ಮೇಷ್ಟ್ರು. "ಎಲ್ಲರೂ ಹಾಗೇ ಅಲ್ವಾ ಅನ್ನೋದು?"

"ಇಲ್ಲ ಸರ್. ಇಟ್ಟಾಳು ಅಂದ್ರು. ಇಡಬಹುದು ಅನ್ನೋ ಹಾಗೆ," ಎಂದಳು ಫಿಲೋಮಿನಾ. ಮುಖ ಕೆಂಪಾಗಿತ್ತು, ಆದರೆ ಚೀಟಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಹದಿನೆಂಟು ವರ್ಷದಿಂದ ಗರಗರ ಅನ್ನೋ ಲೈನಿನಲ್ಲಿ ಜನರ ಮಾತು ಕೇಳಿಸ್ಕೊಂಡಿದೀನಿ. ಆ ದೀರ್ಘ ಇತ್ತು."

ಎಲ್ಲರೂ ನನ್ನ ಕಡೆ ನೋಡಿದರು. ನಾನು ತಿದ್ದಿಬಿಟ್ಟಿದ್ದೆ, ನನಗೇ ಗೊತ್ತಾಗದ ಹಾಗೆ. ಆಚೆ ಸಾಲಿನಲ್ಲಿ ಆ ಮುದುಕನ ಸೊಸೆ ಮಲಗಿದ್ದಳು, ಅವಳಿಗೂ ಎರಡನೆಯ ದಿನ. ನಾವು ಅಲ್ಲಿಗೆ ಹೋಗಿ ಕಾದೆವು. ಈ ಸಲ ನಾನು ಬರೆಯಲಿಲ್ಲ, ಕಣ್ಣು ಮುಚ್ಚಿಕೊಂಡು ಕೇಳಿದೆ. ಅವಳು ಹೇಳಿದಳು, ಇಟ್ಟಾಳು. ಸ್ಪಷ್ಟವಾಗಿ, ದೀರ್ಘವಾಗಿ.

"ಹಾಗಾದ್ರೆ ಇದು ಹೊಸ ಸಾಲು," ಎಂದೆ. "ಒಂದೇ ಮನೆಯ ಮಾವ, ಸೊಸೆ ಇಬ್ಬರಲ್ಲೂ. ಈ ಮನೆಯಿಂದ ಆಚೆಗೆ ಹೋಗದ ಹಾಗೆ ನೋಡಿಕೊಂಡ್ರೆ ಇಲ್ಲೇ ನಿಲ್ಲುತ್ತೆ."

ಫಿಲೋಮಿನಾ ಆಗಲೇ ಬಾಗಿಲಿನತ್ತ ನಡೆದಿದ್ದಳು. ಆ ಮನೆಯಲ್ಲಿ ಇನ್ನೂ ಯಾರು ಯಾರಿದ್ದಾರೆಂದು ದಾದಿಯನ್ನು ಕೇಳುವುದು ಕೇಳಿಸಿತು. ಮೇಷ್ಟ್ರುಗಳಿಬ್ಬರೂ ತಮ್ಮ ತಮ್ಮ ಚೀಟಿಯಲ್ಲಿ ಒಂದು ದೀರ್ಘ ಸೇರಿಸಿಕೊಂಡು ಅವಳ ಹಿಂದೆ ಹೊರಟರು, ನಾನೂ ಹೊರಟೆ.